ಈ ಗಂಟಲಿಗೆ ಪ್ಲ್ಯಾನ್ ಪಾಸ್ ಮಾಡಿದ್ದು ಯಾರು?

ಮೂಗು ಇನ್ನೂ ಉರಿಯುತ್ತಿದೆ. ಮೆಣಸಿನ ಸಾರು ಮೂಗಿನಿಂದ ಬಂದವರಿಗೇ ಗೊತ್ತು ಅದರ ಕಷ್ಟ. ಮದುವೆ ಮನೆಯಿಂದ ಬಂದು ಎರಡು ಗಂಟೆಯಾಯಿತು, ಸೀರೆ ಕೂಡ ಬದಲಿಸಿಲ್ಲ.

ಪಂಕ್ತಿಯಲ್ಲಿ ಪಕ್ಕಕ್ಕೆ ಅವರೇ ಬಂದು ಕೂತರು. ಯಾರು ಅಂತ ಕೇಳಬೇಡಿ, ಹೋದ ವರ್ಷದ ಚೀಟಿ ಗಲಾಟೆ ಗೊತ್ತಿದ್ದವರಿಗೆ ಗೊತ್ತು. ಏನೂ ನಡೆದೇ ಇಲ್ಲ ಅನ್ನುವ ಹಾಗೆ "ಏನಮ್ಮಾ, ಚೆನ್ನಾಗಿದ್ದೀಯಾ?" ಅಂದರು. ಬಾಯಲ್ಲಿ ಸಾರನ್ನ ಇತ್ತು. ಮರ್ಯಾದೆಗೆ "ಹೂಂ" ಅನ್ನಲು ಹೋದೆ, ನೆತ್ತಿಗೆ ಹತ್ತಿತು.

ಕೆಮ್ಮು ತಡೆಯಲು ಬಾಯಿ ಮುಚ್ಚಿಕೊಂಡೆ. ಮೂಗಿನಿಂದ ಬಂತು. ಸಾರು ನನ್ನ ಸೀರೆಗೇ ಬಿತ್ತು, ಅದು ಹಾಳಾಗಿ ಹೋಗಲಿ, ಆದರೆ ಒಂದು ಅಗುಳು, ಒಂದೇ ಒಂದು ಅಗುಳು, ಹಾರಿ ಹೋಗಿ ಅವರ ಎಲೆಯ ಹೋಳಿಗೆ ಮೇಲೆ ಕೂತಿತು. ತುಪ್ಪ ಹಾಕಿಸಿಕೊಂಡು ಇನ್ನೂ ಮುರಿಯದ ಹೋಳಿಗೆ. ಇಬ್ಬರೂ ಅದನ್ನೇ ನೋಡಿದೆವು. ಅವರು ಏನೂ ಅನ್ನಲಿಲ್ಲ. ಎಡಗೈಯಲ್ಲಿ ಎಲೆಯನ್ನು ಮೆಲ್ಲಗೆ ಆ ಕಡೆಗೆ ಸರಿಸಿಕೊಂಡರು. ಬೈದಿದ್ದರೂ ಸಹಿಸುತ್ತಿದ್ದೆ. ಅಷ್ಟರಲ್ಲಿ ವಿಡಿಯೋದವನು ಲೈಟ್ ಸಮೇತ ನನ್ನ ಕಡೆ ತಿರುಗಿದ. ಅತ್ತೆ ಬಂದು ತಲೆ ತಟ್ಟಿದ್ದೇ ತಟ್ಟಿದ್ದು, "ಯಾರೋ ನಿನ್ನ ನೆನೆಸಿಕೊಳ್ತಿದ್ದಾರೆ ಕಣೇ" ಅಂತ. ನೆನೆಸಿಕೊಳ್ಳುವವರು ಪಕ್ಕದಲ್ಲೇ ಕೂತಿದ್ದಾರಲ್ಲ ಅತ್ತೆ!

ನೆತ್ತಿಗೆ ಎಲ್ಲಿ ಹತ್ತುತ್ತೆ ರೀ? ಅದು ಹೋಗಲು ಹೊರಟಿದ್ದು ಕೆಳಗೆ, ಶ್ವಾಸನಾಳಕ್ಕೆ. ತಲೆ ತಟ್ಟಿದರೆ ಮಲ್ಲಿಗೆ ಉದುರುತ್ತೆ, ಅಷ್ಟೇ.

ನನ್ನ ಸಿಟ್ಟು ಆ ಮನುಷ್ಯನ ಮೇಲಲ್ಲ. ಸರಿ, ಅವರ ಮೇಲೂ ಇದೆ. ಆದರೆ ಜಾಸ್ತಿ ಇರುವುದು ಈ ಗಂಟಲಿನ ಮೇಲೆ. ಮೇಲಿರುವ ಮೂಗಿನಿಂದ ಬಂದ ಗಾಳಿ ಮುಂದಿನ ಕೊಳವೆಗೆ ಹೋಗಬೇಕು, ಕೆಳಗಿರುವ ಬಾಯಿಂದ ಬಂದ ಅನ್ನ ಹಿಂದಿನ ಕೊಳವೆಗೆ. ಅಂದರೆ ಎರಡೂ ಒಂದನ್ನೊಂದು ಅಡ್ಡ ಹಾಯಲೇಬೇಕು. ಆ ಸರ್ಕಲ್‌ನಲ್ಲಿ ಸಿಗ್ನಲ್ ಇಲ್ಲ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇಳಬೇಕು, ಎಲೆಯಂಥ ಒಂದು ಮುಚ್ಚಳ ಅದರ ಮೇಲೆ ಬಾಗಬೇಕು, ದಿನಾ ನೂರಾರು ಸಲ, ಒಂದು ಸಲವೂ ತಪ್ಪದೆ! ನಮ್ಮ ಪ್ಲಂಬರ್ ಹೀಗೆ ಪೈಪ್ ಎಳೆದಿದ್ದರೆ ದುಡ್ಡು ಕೊಡುತ್ತಿದ್ದೆನಾ?

ಡಾರ್ವಿನ್ 1859ರಲ್ಲೇ ಈ ವಿಚಿತ್ರದ ಬಗ್ಗೆ ಬರೆದಿದ್ದಾನೆ, ನುಂಗುವ ಪ್ರತಿ ತುತ್ತೂ ಉಸಿರಿನ ದಾರಿಯ ಬಾಯಿ ದಾಟಿಕೊಂಡೇ ಹೋಗಬೇಕು ಅಂತ. ಮೀನಿನ ಕಾಲದಲ್ಲಿ ಅನ್ನದ ದಾರಿಯಿಂದಲೇ ಒಂದು ಚೀಲ ಮೂಡಿ ಅದು ಶ್ವಾಸಕೋಶವಾಯಿತು. ಆಮೇಲೆ ಯಾರೂ ಒಡೆದು ಕಟ್ಟಲಿಲ್ಲ. ಒಡೆಯುವುದಾದರೂ ಹೇಗೆ, ಒಳಗಿದ್ದವರು ಒಂದು ದಿನವೂ ಮನೆ ಖಾಲಿ ಮಾಡುವ ಹಾಗಿಲ್ಲವಲ್ಲ. ಬಿಡಿ, ಬೈಯೋಣ ಅಂದರೆ ಮೇಸ್ತ್ರಿಯೇ ಇಲ್ಲ.

ಬಿಡಿ ಅಂದೆ, ಆದರೆ ಡಾಲ್ಫಿನ್‌ಗೆ ಮಾತ್ರ ಹೇಗೆ ಆಯಿತು? ಅದರ ಧ್ವನಿಪೆಟ್ಟಿಗೆ ಮೇಲಿನ ಮೂಗಿನ ದಾರಿಗೇ ತೂರಿಕೊಂಡಿರುತ್ತೆ, ಮೀನು ಪಕ್ಕದಿಂದ ಜಾರಿಕೊಂಡು ಹೋಗುತ್ತೆ. ನಮ್ಮದೂ ಕೂಸಾಗಿದ್ದಾಗ ಮೇಲೇ ಇರುತ್ತಂತೆ, ಬೆಳೆಯುತ್ತಾ ಕೆಳಗಿಳಿಯುತ್ತಂತೆ. ಯಾಕೆ ಇಳೀಬೇಕಿತ್ತು? ಯಾರಾದರೂ ಹೇಳಿ. ಮಾತಾಡಲು ಅನುಕೂಲವಾಗಲಿ ಅಂತ ಎನ್ನುತ್ತಾರೆ ಕೆಲವರು. ಲಕ್ಷಾಂತರ ವರ್ಷ ಕಾದು ಸಿಕ್ಕಿದ ಆ ಮಾತಿನಲ್ಲಿ ನಾನು ಇವತ್ತು ಆಡಲು ಹೊರಟಿದ್ದೇನು? "ಹೂಂ". ಅದೂ ಪೂರ್ತಿ ಬರಲಿಲ್ಲ.

ಸಣ್ಣವಳಿದ್ದಾಗ ಉಣ್ಣುವಾಗ ಮಾತಾಡಬೇಡ ಅಂತ ಅಜ್ಜಿ ಬಡ್ಕೊಂಡಿದ್ದಳು. ಆಯ್ತು ಅಜ್ಜಿ, ತಪ್ಪು ನನ್ನದೇ. ಅಲ್ಲ, ನನ್ನದಲ್ಲ!

ಆ ವಿಡಿಯೋದವನ ನಂಬರ್ ಯಾರ ಹತ್ತಿರವಾದರೂ ಇದೆಯಾ? ಎಡಿಟಿಂಗ್‌ಗೆ ಕೂರುವ ಮೊದಲು ಬೇಕು.