ಸಾಕಾ, ಸಾಲದಾ?

ಎಂಬಿಎ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಯಾರಿಗೂ ಸೊನ್ನೆ ಬರುವುದಿಲ್ಲ. ಎಷ್ಟೇ ಕೆಟ್ಟದಾಗಿ ಬರೆದರೂ 205 ಕೊಟ್ಟೇ ಕಳಿಸುತ್ತಾರೆ. ಹೆಚ್ಚೆಂದರೆ 805. ನಡುವೆ ಹತ್ತತ್ತು ಅಂಕದ ಮೆಟ್ಟಿಲು. ಹಾಗಾಗಿ ಯಾರ ಅಂಕ ನೋಡಿದರೂ ಕೊನೆಯಲ್ಲಿ ಒಂದು ಐದು ಇರುತ್ತದೆ. ಮುಂಬಯಿಯ ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ನನ್ನ ಸೋದರಮಾವನಿಗೆ ಇದನ್ನು ವಿವರಿಸಿದಾಗ, "ಆ ಐದು ಎಂತಕ್ಕೆ? ಜಿಎಸ್‌ಟಿ ಸೇರಿಸಿ ಕೊಡುದಾ?" ಎಂದು ಕೇಳಿದರು. ಹೋಟೆಲಿನವರಿಗೆ ಐದು ಅಂದರೆ ಅದೇ ನೆನಪಾಗುವುದು.

ನನಗೆ ಮೊದಲು ಬಂದದ್ದು 525. ಅಪ್ಪ ಕೂಡಲೇ ಫೋನಿನಲ್ಲಿ ಭಾಗಿಸಿ ನೋಡಿದರು. ಶೇಕಡಾ 65. "ಫಸ್ಟ್ ಕ್ಲಾಸ್ ಅಲ್ವಾ!" ಎಂದರು. ನಾನು ಬಾಯಿ ತೆರೆಯುವ ಮೊದಲೇ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರು ಮಹಡಿಗೆ ಸುದ್ದಿ ಮುಟ್ಟಿತ್ತು. ಕೆಳಗಿನ ಮನೆಯ ಕಾಕು (ಮರಾಠಿಯ ಚಿಕ್ಕಮ್ಮ) ಪೇಡೆ ತಂದುಕೊಟ್ಟರು. ಪೇಡೆ ತಿನ್ನುತ್ತಾ ನಾನು ಅಪ್ಪನಿಗೆ ಪರ್ಸೆಂಟೇಜ್ ಬೇರೆ, ಪರ್ಸೆಂಟೈಲ್ ಬೇರೆ, ಅದು ಶೇಕಡಾ ಎಷ್ಟು ಜನ ನಮಗಿಂತ ಹಿಂದಿದ್ದಾರೆ ಎಂಬ ಲೆಕ್ಕ ಎಂದು ಹೇಳಿಕೊಟ್ಟೆ. ಬರೆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನಗಿಂತ ಮುಂದಿದ್ದಾರೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಇರಲಿ, ಅವರೆಲ್ಲ ಚೀನಾದವರಿರಬೇಕು" ಎಂದರು. ಪೇಡೆ ವಾಪಸ್ ಕೊಡುವ ಮಾತು ಬರಲಿಲ್ಲ.

ಪರೀಕ್ಷೆಯ ಫೀಸು ಡಾಲರ್ ಲೆಕ್ಕದಲ್ಲಿ. ನಮ್ಮ ಹಣದಲ್ಲಿ ಇಪ್ಪತ್ತು ಸಾವಿರ ದಾಟುತ್ತದೆ. ಅಷ್ಟು ಕೊಟ್ಟ ಮೇಲೆ ಪುಸ್ತಕಕ್ಕೆ ಮತ್ತೆ ಯಾಕೆ ಖರ್ಚು ಎಂದು ಮಾಟುಂಗದ ಕಿಂಗ್ಸ್ ಸರ್ಕಲ್‌ಗೆ ಹೋದೆ. ಅಲ್ಲಿ ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ರಾಶಿ ಹಾಕಿ ಮಾರುತ್ತಾರೆ. ಇಟ್ಟಿಗೆ ಗಾತ್ರದ ಜಿಮ್ಯಾಟ್ ಪುಸ್ತಕವೊಂದು ಸಿಕ್ಕಿತು. ಹಳೆಯದಲ್ವಾ ಎಂದು ಕೇಳಿದ್ದಕ್ಕೆ ಅಂಗಡಿಯವನು, "ಮ್ಯಾಥ್ಸ್ ಕಭೀ ಪುರಾನಾ ಹೋತಾ ಹೈ ಕ್ಯಾ, ಮ್ಯಾಡಮ್?" ಎಂದ. ಎಂಥ ಮಾತು! ಒಪ್ಪಿ ತಂದೆ. ತ್ರಿಕೋನ, ವೃತ್ತ, ಸಿಲಿಂಡರು ಎಲ್ಲ ಅರೆದು ಕುಡಿದೆ. ತಪ್ಪು ಇಂಗ್ಲಿಷ್ ವಾಕ್ಯ ಸರಿಮಾಡುವ ನೂರಾರು ಪ್ರಶ್ನೆಗಳನ್ನು ಸಾಲಾಗಿ ಬಿಡಿಸಿದೆ.

ಮ್ಯಾಥ್ಸ್ ಹಳೆಯದಾಗುವುದಿಲ್ಲ, ನಿಜ. ಜಿಮ್ಯಾಟ್ ಆಗುತ್ತದೆ. 1954ರಲ್ಲಿ ಮೊದಲ ಸಲ ನಡೆದ ಈ ಪರೀಕ್ಷೆ ನಮ್ಮ ಮಾವನಿಗಿಂತ ಹಿರಿಯದು. ಆದರೆ ಮಾವನ ಹಾಗಲ್ಲ, ಆಗಾಗ ತನ್ನ ಮೆನು ಬದಲಿಸುತ್ತದೆ. 2023ರ ನವೆಂಬರಿನಲ್ಲಿ ಹೊಸ ಆವೃತ್ತಿ ಬಂತು. 2024ರ ಜನವರಿ ಮುಗಿಯುವಾಗ ಹಳೆಯದನ್ನು ನಿಲ್ಲಿಸಿದರು. ಹೊಸದರಲ್ಲಿ ಪ್ರಬಂಧ ಇಲ್ಲ, ರೇಖಾಗಣಿತ ಇಲ್ಲ, ವಾಕ್ಯ ಸರಿಮಾಡುವುದೂ ಇಲ್ಲ. ನಾನು ಅರೆದು ಕುಡಿದಿದ್ದೆಲ್ಲ ತೆಗೆದುಹಾಕಿದ ಭಾಗವೇ. ಉಳಿದದ್ದು ಗಣಿತ 21 ಪ್ರಶ್ನೆ, ಇಂಗ್ಲಿಷ್ ಓದಿ ತರ್ಕಿಸುವ ವರ್ಬಲ್ 23, ಮಾಹಿತಿ ತೂಗಿ ನೋಡುವ ಡೇಟಾ ಇನ್‌ಸೈಟ್ಸ್ ಎಂಬುದು 20. ಒಂದೊಂದಕ್ಕೂ 45 ನಿಮಿಷ. ಮೂರಕ್ಕೂ ಒಂದೇ ತೂಕ. ಈಗಲೂ ಯಾರಾದರೂ ಸಿಲಿಂಡರಿನ ಗಾತ್ರ ಕೇಳಿದರೆ ಥಟ್ಟನೆ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಓದುವುದಕ್ಕೆ ನನಗಿದ್ದ ಜಾಗ ಸೆಂಟ್ರಲ್ ಲೈನಿನ ಲೇಡೀಸ್ ಡಬ್ಬ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದರೆ ದಾದರ್ ಬರುವಷ್ಟರಲ್ಲಿ ಒಂದು ಸೆಕ್ಷನ್ ಮುಗಿಯಬೇಕು ಎಂಬುದು ನನ್ನ ಲೆಕ್ಕ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ನನಗೆ ಸಿಗುತ್ತಿದ್ದದ್ದು ಫೋರ್ತ್ ಸೀಟು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವಳಾಗಿ ಅರ್ಧ ದೇಹ ಹೊರಗಿಟ್ಟು ಕೂರುವುದು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಒಬ್ಬ ಕಾಕು. ವರ್ಬಲ್‌ನ ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಯನ್ನು ನಾನು ದಿವಾ ದಾಟಿದಾಗಿನಿಂದ ಓದುತ್ತಿದ್ದೆ. ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವ ಹೇಳಿಕೆ ಯಾವುದು? ಠಾಣೆ ಬಂತು. ಕಾಕುಗೆ ಸಹನೆ ಮುಗಿಯಿತು. "ಅಗ, ಸೀ ಆಹೇ ತೇ!" ಎಂದರು. ನೋಡಿದರೆ ಸಿ ಸರಿ. ಅವರು ಯಾವುದೋ ಸರ್ಕಾರಿ ಕಚೇರಿಯಲ್ಲಿ ಅಹವಾಲು ಅರ್ಜಿಗಳನ್ನು ನೋಡುವ ಟೇಬಲಿನವರಂತೆ. ಜನರ ವಾದವನ್ನು ದುರ್ಬಲಗೊಳಿಸುವುದೇ ಅವರ ದಿನದ ಕೆಲಸ. ಮರುದಿನದಿಂದ ಅವರಿದ್ದ ಡಬ್ಬದಲ್ಲೇ ಹತ್ತಲು ಶುರು ಮಾಡಿದೆ. ವರ್ಬಲ್ ಸುಧಾರಿಸಿದ್ದು ಹಾಗೆ. ಎಷ್ಟು ಕೋಚಿಂಗ್ ಕ್ಲಾಸಿನವರು ಈ ಮಾತು ಒಪ್ಪುತ್ತಾರೋ ಗೊತ್ತಿಲ್ಲ.

ಈ ಪರೀಕ್ಷೆಗೆ ಇನ್ನೊಂದು ದುರ್ಬುದ್ಧಿ ಇದೆ. ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಷ್ಟವಾಗುತ್ತದೆ. ತಪ್ಪು ಮಾಡಿದರೆ ಸುಲಭವಾಗುತ್ತದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಕೂತವರಿಗೆ ಗೊತ್ತು ಅದರ ಹಿಂಸೆ. ಶಾಲೆಯಲ್ಲಿ ಸುಲಭ ಪ್ರಶ್ನೆ ಬಂದರೆ ಖುಷಿಯಾಗುತ್ತಿತ್ತು. ಇಲ್ಲಿ ಸುಲಭ ಪ್ರಶ್ನೆ ಕಂಡರೆ ಎದೆ ಧಸಕ್ ಎನ್ನುತ್ತದೆ. ಅಯ್ಯೋ, ಹಿಂದಿನದು ತಪ್ಪಾಯ್ತಾ? ಆ ಗಾಬರಿಯಲ್ಲಿ ಈ ಸುಲಭದ್ದೂ ತಪ್ಪುತ್ತದೆ. ಆಮೇಲೆ ಇನ್ನೂ ಸುಲಭದ್ದು ಬರುತ್ತದೆ. ಒಂದು ಹಂತದಲ್ಲಿ ನನಗೆ ಬಂದ ಪ್ರಶ್ನೆಯನ್ನು ಅಕ್ಕನ ಮಗ ಕೂಡ ಮಾಡುತ್ತಿದ್ದ. ಅವನು ಏಳನೇ ಕ್ಲಾಸು.

ಎರಡನೇ ಅಂಕ 515 ಬಂತು. ತಿಂಗಳುಗಟ್ಟಲೆ ಓದಿ ಹತ್ತು ಇಳಿಸಿಕೊಂಡೆ. ಇದಕ್ಕಿಂತ ವಿಚಿತ್ರವೆಂದರೆ ಮನೆಯಲ್ಲಿ ನಾನು 700 ದಾಟುತ್ತಿದ್ದೆ. ಪರೀಕ್ಷೆ ನಡೆಸುವವರೇ ಎರಡು ಅಭ್ಯಾಸ ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಅಂದ ಮೇಲೆ ಕೇಳಬೇಕೆ, ಅದನ್ನೇ ತಿರುಗಿಸಿ ಮುರುಗಿಸಿ ಬರೆದೆ. ಕೊನೆಗೆ ಪ್ರಶ್ನೆ ಪೂರ್ತಿ ಓದುವ ಮೊದಲೇ ಕೈ ಉತ್ತರ ಒತ್ತುತ್ತಿತ್ತು. ಅಂಕ ಏರಿತು. ಏರಿದ್ದು ನೆನಪಿನ ಶಕ್ತಿ.

ಒಮ್ಮೆ ಬರೆದ ಮೇಲೆ ಮತ್ತೆ ಬರೆಯಲು 16 ದಿನ ಕಾಯಬೇಕು. 12 ತಿಂಗಳಲ್ಲಿ 5 ಸಲಕ್ಕಿಂತ ಹೆಚ್ಚು ಬಿಡುವುದಿಲ್ಲ. ಅಮ್ಮನಿಗೆ ಈ ನಿಯಮ ಬಹಳ ಹಿಡಿಸಿತು. "ಅವರಿಗಾದ್ರೂ ಬುದ್ಧಿ ಉಂಟು" ಎಂದರು. ನಾನು ಮುಂದಿನ ದಿನಾಂಕ ಹಾಕಿಕೊಂಡದ್ದು ಜುಲೈನ ಒಂದು ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ತಲೆ ಮೇಲೆ ಕೈ ಇಟ್ಟರು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ದಿನಾಂಕ ಬದಲಿಸಿದರೆ ಮತ್ತೆ ಡಾಲರು. ಅಮ್ಮ ಸುಮ್ನೆ ಕೂರುವವರಲ್ಲ. ಮೂರು ಸೆಕ್ಷನ್‌ಗಳನ್ನು ನಮಗೆ ಬೇಕಾದ ಕ್ರಮದಲ್ಲಿ ಬರೆಯಬಹುದು ಎಂದು ನನ್ನಿಂದಲೇ ಬಾಯಿ ಬಿಡಿಸಿದರು. ಬೆರಳಲ್ಲಿ ಎಣಿಸಿದರು. "ನಲವತ್ತೈದು, ನಲವತ್ತೈದು, ತೊಂಬತ್ತು. ಸರಿಯಾಗಿ ರಾಹುಕಾಲ ಮುಗೀತದೆ. ನಿಂಗೆ ಹೇಗೂ ಬಾರದ್ದು ಎರಡು ಮೊದಲು ಬರೆದುಬಿಡು. ಬರುವಂಥದ್ದು ಕೊನೆಗೆ ಇಟ್ಕೋ." ಇಷ್ಟು ಅಚ್ಚುಕಟ್ಟಾದ ಪರೀಕ್ಷಾ ತಂತ್ರವನ್ನು ನಾನು ಯಾವ ವಿಡಿಯೋದಲ್ಲೂ ನೋಡಿಲ್ಲ. ತೊಂದರೆ ಒಂದೇ. ಬರುವಂಥದ್ದು ಯಾವುದು ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಜುಲೈ ಅಂದರೆ ಮುಂಬಯಿಯಲ್ಲಿ ಗೊತ್ತಲ್ಲ. ಕುರ್ಲಾ, ಸಯನ್ ಕಡೆ ಹಳಿ ಮೇಲೆ ನೀರು ನಿಂತರೆ ಸೆಂಟ್ರಲ್ ಲೈನ್ ನಿಂತಲ್ಲೇ ನಿಂತಿತು. ಪರೀಕ್ಷೆ ಅಂಧೇರಿಯಲ್ಲಿ. ಹಾಗಾಗಿ ಶುಕ್ರವಾರ ಸಂಜೆಯೇ ಮಾಟುಂಗಕ್ಕೆ ಹೋಗಿ ಮಾವನ ಮನೆಯಲ್ಲಿ ಉಳಿಯುವುದೆಂದಾಯಿತು. ಹೋಟೆಲ್ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಮಾವ ಗಲ್ಲಾದಲ್ಲಿ ನೋಟು ಎಣಿಸುತ್ತಿದ್ದರು. ನಾನು ಎದುರಿನ ಮೇಜಿನಲ್ಲಿ ಡೇಟಾ ಇನ್‌ಸೈಟ್ಸ್‌ನ ಒಂದು ಬಗೆಯ ಪ್ರಶ್ನೆಯಾದ ಡೇಟಾ ಸಫಿಷಿಯೆನ್ಸಿ ಹಿಡಿದು ಕೂತೆ.

ನನ್ನ ಅಂಕವನ್ನು ನೆಲಕ್ಕೆ ಎಳೆಯುತ್ತಿದ್ದದ್ದು ಇದೇ. ಇದರಲ್ಲಿ ಒಂದು ಪ್ರಶ್ನೆ ಇರುತ್ತದೆ, ಕೆಳಗೆ ಎರಡು ಮಾಹಿತಿ. ಉತ್ತರ ಕಂಡುಹಿಡಿಯಬೇಕಾಗಿಲ್ಲ. ಉತ್ತರ ಹೇಳಲು ಈ ಮಾಹಿತಿ ಸಾಕಾ, ಸಾಲದಾ ಎಂದಷ್ಟೇ ಹೇಳಬೇಕು. ಮೊದಲನೆಯದು ಒಂದೇ ಸಾಕಾ, ಎರಡನೆಯದು ಒಂದೇ ಸಾಕಾ, ಎರಡೂ ಸೇರಿ ಬೇಕಾ, ಯಾವುದಾದರೂ ಒಂದಿದ್ದರೆ ಆಗುತ್ತಾ, ಎರಡೂ ಸೇರಿದರೂ ಸಾಲದಾ. ಐದೇ ಆಯ್ಕೆ. ಹುಟ್ಟಿದಾಗಿನಿಂದ ಲೆಕ್ಕ ಬಿಡಿಸು ಬಿಡಿಸು ಎಂದು ಹೇಳಿಸಿಕೊಂಡು ಬೆಳೆದವಳಿಗೆ ಬಿಡಿಸಬೇಡ ಎಂದರೆ ಕೈ ಕಟ್ಟಿದ ಹಾಗೆ ಆಗುತ್ತಿತ್ತು.

"ಎಂತ ಮಾರಾಯ್ತಿ, ಮುಖ ಹಾಗೆ ಮಾಡಿದ್ದಿ? ಓದು ಕಾಂಬ" ಎಂದರು ಮಾವ.

ಓದಿದೆ. ಒಂದು ಅಂಗಡಿಯ ಲಾಭ ಹೋದ ವರ್ಷಕ್ಕಿಂತ ಏರಿತಾ? ಒಂದು, ಮಾರಾಟ ಶೇಕಡಾ 20 ಏರಿದೆ. ಎರಡು, ಖರ್ಚು ಶೇಕಡಾ 25 ಏರಿದೆ. ನಾನು ಆಗಲೇ ಹಾಳೆ ತುಂಬ ಬರೆದಿದ್ದೆ. ಮಾರಾಟ 100, ಖರ್ಚು 80, ಲಾಭ 20. ಈ ವರ್ಷ ಮಾರಾಟ 120, ಖರ್ಚು 100, ಲಾಭ ಅದೇ 20. "ಲಾಭ ಏರಿಲ್ಲ ಮಾವ. ಎರಡೂ ಸೇರಿದರೆ ಸಾಕು" ಎಂದೆ.

"ಆ ಎಂಬತ್ತು ಎಲ್ಲಿಂದ ಬಂತು?"

"ಸುಮ್ನೆ ನಾನೇ ಇಟ್ಕೊಂಡೆ."

"ನೀನು ಇಟ್ಕೊಂಡ್ರೆ ಆಯ್ತಾ? ನಂಗೆ ನೂರು ರೂಪಾಯಿ ವ್ಯಾಪಾರಕ್ಕೆ ತೊಂಬತ್ತು ಖರ್ಚು ಉಂಟು. ಎದುರಿನ ಜ್ಯೂಸಿನವನಿಗೆ ಅರವತ್ತು. ಇದೇ ಲೆಕ್ಕ ಹಾಕು. ಅವನ ಲಾಭ ಏರ್ತದೆ, ನಂದು ಇಳೀತದೆ. ಮೊದ್ಲು ಖರ್ಚು ಎಷ್ಟಿತ್ತು ಹೇಳದೆ ಲಾಭ ಕೇಳುದಾ? ಸಾಲದು, ಸಾಲದು."

ನೋಟು ಎಣಿಸುವುದನ್ನು ನಿಲ್ಲಿಸದೆ ಹೇಳಿದರು. ನಾನು ಹಾಕಿ ನೋಡಿದೆ. ಜ್ಯೂಸಿನವನ 40 ಈಗ 45. ಮಾವನ 10 ಈಗ ಏಳೂವರೆ. ಉತ್ತರ ಐದನೆಯದು, ಎರಡೂ ಸೇರಿದರೂ ಸಾಲದು. ಅಷ್ಟರಲ್ಲಿ ಮಾವ ಒಳಗೆ ಕೂಗಿ ಕೇಳಿದರು, "ನಾಳೆಗೆ ಹಿಟ್ಟು ಸಾಕಾ?" ಅಡುಗೆಯವರು ಪಾತ್ರೆಯೊಳಗೆ ಒಮ್ಮೆ ಬಗ್ಗಿ ನೋಡಿ, "ಸಾಲದು, ನಾಳೆ ಶನಿವಾರ" ಎಂದರು. ಎಷ್ಟು ದೋಸೆ ಆಗುತ್ತದೆ ಎಂದು ಯಾರೂ ಎಣಿಸಲಿಲ್ಲ. ಕೇಳಿದ್ದು ಅದಲ್ಲವಲ್ಲ.

ಮರುದಿನ ಮಳೆ ಹನಿಯೂ ಬೀಳಲಿಲ್ಲ. ಸೆಂಟರಿನಲ್ಲಿ ಪಾಸ್‌ಪೋರ್ಟ್ ನೋಡಿದರು, ಅಂಗೈ ಸ್ಕ್ಯಾನ್ ಮಾಡಿದರು. ಎ.ಸಿ. ಮಾತ್ರ ಮೀನು ಕೆಡದಂತೆ ಇಟ್ಟಿದ್ದರು. ರಾಹುಕಾಲದಲ್ಲಿ ಬರೆದ ಡೇಟಾ ಇನ್‌ಸೈಟ್ಸ್ ಎಲ್ಲಕ್ಕಿಂತ ಚೆನ್ನಾಗಿ ಹೋಯಿತು. ರಾಹುಕಾಲ ಕಳೆದ ಮೇಲೆ ಬರೆದ ಗಣಿತ ಕೈಕೊಟ್ಟಿತು. ಒಂದು ಸೆಕ್ಷನ್‌ನಲ್ಲಿ ಮೂರು ಉತ್ತರಗಳನ್ನು ತಿದ್ದಲು ಬಿಡುತ್ತಾರೆ. ಸಿಕ್ಕಿದ ಸೌಲಭ್ಯ ಬಿಡಬಾರದೆಂದು ಸರಿಯಿದ್ದದ್ದನ್ನೂ ತಿದ್ದಿ ಬಂದೆ. 585. ಅಮ್ಮ ಫೋನಿನಲ್ಲಿ ಅಂಕ ಕೇಳಲಿಲ್ಲ. "ಕೈ ನೋಡಿದ್ರಂತಲ್ಲ, ಮದುವೆ ಬಗ್ಗೆ ಎಂತಾದ್ರೂ ಹೇಳಿದ್ರಾ?" ಎಂದು ಕೇಳಿದರು.

ಆಮೇಲೆ ಭಾನುವಾರ ಭಾನುವಾರ ಮಾಟುಂಗಕ್ಕೆ ಹೋಗತೊಡಗಿದೆ. ಮಾವ ಒಂದು ಲೆಕ್ಕವನ್ನೂ ಬಿಡಿಸಿಕೊಡಲಿಲ್ಲ. ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ಸಾಕು, ಸಾಲದು ಎನ್ನುತ್ತಿದ್ದರು. ಅವರೂ ತಪ್ಪುತ್ತಿದ್ದರು. ಒಂದು ಸಂಖ್ಯೆಯ ವರ್ಗ 9, ಆ ಸಂಖ್ಯೆ ಯಾವುದು ಎಂದರೆ "ಮೂರು, ಸಾಕು" ಎಂದುಬಿಟ್ಟರು. ಮೈನಸ್ ಮೂರೂ ಇರಬಹುದಲ್ಲ ಮಾವ ಎಂದೆ. "ನಮ್ಮಲ್ಲಿ ಮೈನಸ್ ಮೂರು ದೋಸೆ ಯಾರೂ ಆರ್ಡರ್ ಮಾಡುದಿಲ್ಲ" ಎಂದರು. ಉತ್ತರ ತಪ್ಪು. ಆದರೆ ವಾದವನ್ನು ದುರ್ಬಲಗೊಳಿಸಲು ನನ್ನಿಂದ ಆಗಲಿಲ್ಲ. ಲೇಡೀಸ್ ಡಬ್ಬದ ಕಾಕು ಇದ್ದಿದ್ದರೆ ನೋಡಬಹುದಿತ್ತು.

ನಾನು ತಪ್ಪಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಓದಿ ನೋಡಿದರೆ ಗೊತ್ತಿಲ್ಲದೆ ತಪ್ಪಿದ್ದು ಕಡಿಮೆ. ಒಂದೇ ಪ್ರಶ್ನೆಗೆ ಹಠ ಹಿಡಿದು ಐದು ನಿಮಿಷ ಕೂತು, ಕೊನೆಯವನ್ನು ಮುಟ್ಟದೇ ಬಿಟ್ಟದ್ದೇ ಜಾಸ್ತಿ. ಮುಟ್ಟದೆ ಬಿಟ್ಟ ಪ್ರಶ್ನೆಗೆ ಇಲ್ಲಿ ದಂಡ ಇದೆ. ಒಂದು ಪ್ರಶ್ನೆಗೆ ಸಿಗುವುದು ಸುಮಾರು ಎರಡು ನಿಮಿಷ. ಅಷ್ಟರೊಳಗೆ ದಾರಿ ಕಾಣದಿದ್ದರೆ ಏನಾದರೊಂದು ಒತ್ತಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿದೆ. ಮಾತು ಸುಲಭ. ಒಂದೊಂದು ಪ್ರಶ್ನೆ ಬಿಡುವಾಗಲೂ ಮರ್ಯಾದೆ ಹೋದ ಹಾಗೆ ಆಗುತ್ತಿತ್ತು.

ಹಾಗೆ ಬಿಟ್ಟು ಬಿಟ್ಟು ಕೊನೆಗೆ 645 ಬಂತು.

ಅಸಲಿ ಪರೀಕ್ಷೆ ಅಲ್ಲಿಂದ ಮುಂದೆ. ನಮ್ಮ ದೊಡ್ಡಮ್ಮನ ಮಗ 2015ರಲ್ಲಿ ಇದೇ ಜಿಮ್ಯಾಟ್ ಬರೆದು 700 ತೆಗೆದಿದ್ದ. ಈಗ ಸಿಂಗಾಪುರದಲ್ಲಿದ್ದಾನೆ. ಮುಲುಂಡಿನ ಒಂದು ಮದುವೆಯಲ್ಲಿ ದೊಡ್ಡಮ್ಮ ಎಲ್ಲರ ಎದುರು, "ಪಾಪ, ಐವತ್ತೈದು ಕಡಿಮೆ ಆಯ್ತಲ್ಲ ಮಗಾ" ಎಂದರು. ಅದು ಹಳೇ ಅಳತೆ ದೊಡ್ಡಮ್ಮ, 200ರಿಂದ 800. ಈಗಿನ 645 ಹೆಚ್ಚುಕಡಿಮೆ ಆಗಿನ 700ಕ್ಕೆ ಸಮ, ಅವರೇ ಪಟ್ಟಿ ಕೊಟ್ಟಿದ್ದಾರೆ ಎಂದು ಫೋನ್ ತೆಗೆದು ತೋರಿಸಿದೆ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹೌದಾ? ಈಗ 805ರ ತನಕ ಕೊಡ್ತಾರಾ? ಮತ್ತೂ ನಿಂಗೆ ಕಡಿಮೆಯೇ ಬಂತಾ?" ಎಂದರು. ಸುತ್ತ ಇದ್ದವರು ತಲೆಯಾಡಿಸಿದರು.

ಊಟದ ಪಂಕ್ತಿಯಲ್ಲಿ ಅಮ್ಮ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು. "ಈ ಅಂಕ ಎಷ್ಟು ವರ್ಷ ನಡೀತದೆ?"

"ಐದು ವರ್ಷ."

ಅಮ್ಮ ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿ ನೋಡುತ್ತಾ ಲೆಕ್ಕ ಹಾಕಿದರು. ಆಮೇಲೆ ಎದುರಿನ ಸಾಲಿಗೂ ಕೇಳುವ ಹಾಗೆ, "ಅಕ್ಕಾ, ನಿಮ್ಮ ಮಗನದ್ದು 2020ಕ್ಕೇ ಎಕ್ಸ್‌ಪೈರಿ ಆಗಿದೆಯಂತೆ!" ಎಂದರು.