ಡಕ್ ಕ್ಲಬ್ಬಿನಲ್ಲಿ ತೂಬು ಯಾರ ಕೈಲಿದೆ ಅಂತ ಮೊದಲು ಕೇಳಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ 680 ಹೆದ್ದಾರಿ ಹಿಡಿದು, ಬೆನಿಷಿಯಾ ದಾಟಿ ಫೇರ್‌ಫೀಲ್ಡ್ ಕಡೆ ಹೋಗುವಾಗ ಬಲಗಡೆ ಕಣ್ಣು ಹಾಯುವಷ್ಟು ದೂರ ಜೊಂಡು ಕಾಣುತ್ತದೆ. ಪಾಳು ಜಾಗ ಅಂದುಕೊಂಡು ದಾಟಿ ಹೋಗುವ ಕನ್ನಡಿಗರೇ ಹೆಚ್ಚು. ಅದು ಸುಯ್ಸೂನ್ ಜೌಗು. ಸುಮಾರು 1,16,000 ಎಕರೆ, ಅದರೊಳಗೆ 150ಕ್ಕೂ ಹೆಚ್ಚು ಖಾಸಗಿ ಡಕ್ ಕ್ಲಬ್‌ಗಳು, ಅಂದರೆ ಬಾತು ಬೇಟೆಗಾರರು ಸೇರಿ ನಡೆಸುವ ಕ್ಲಬ್‌ಗಳು. ಸದಸ್ಯರು, ಅವರು ಕರೆತಂದ ಅತಿಥಿಗಳು ಬಿಟ್ಟರೆ ಬೇರೆಯವರಿಗೆ ಗೇಟು ತೆರೆಯುವುದಿಲ್ಲ. "ದುಡ್ಡಿದ್ದವರ ಶೋಕಿ" ಅಂತ ಒಂದೇ ಮಾತಲ್ಲಿ ತಳ್ಳಿಹಾಕುವವರಿದ್ದಾರೆ. ಶೋಕಿ ಹೌದು, ಇಲ್ಲ ಅನ್ನಲ್ಲ. ಆದರೆ ವರ್ಷದ ಬಹುಪಾಲು ಅಲ್ಲಿ ನಡೆಯುವುದು ನಮ್ಮೂರ ನೀರುಗಂಟಿಯ ಕೆಲಸ. ಕ್ಲಬ್ಬಿನ ಯೋಗ್ಯತೆಯನ್ನೂ ಅಲ್ಲೇ ಅಳೆಯಬೇಕು ಅನ್ನೋದು ನನ್ನ ವಾದ.

ಒಡೆತನದ ವಿಷಯ ಬೇಗ ಮುಗಿಸುತ್ತೇನೆ. ಒಂದು ಬಗೆಯಲ್ಲಿ ಜಮೀನು ಕಂಪನಿಯ ಹೆಸರಲ್ಲಿರುತ್ತದೆ, ಸದಸ್ಯರು ಷೇರುದಾರರು. ಷೇರಿನ ಬೆಲೆ ಒಂದು ಸಲ, ವಾರ್ಷಿಕ ಚಂದಾ ಪ್ರತಿ ವರ್ಷ, ಪಂಪು ಸುಟ್ಟರೆ ಅಥವಾ ಏರಿ ಒಡೆದರೆ ಮೇಲಿಂದ ವಿಶೇಷ ವಂತಿಗೆ. ಷೇರು ಮಾರಲು ಸಾಮಾನ್ಯವಾಗಿ ಮಂಡಳಿಯ ಒಪ್ಪಿಗೆ ಬೇಕು, ಕೊಳ್ಳುವ ಮೊದಲ ಹಕ್ಕು ಉಳಿದ ಸದಸ್ಯರದ್ದು. ಇನ್ನೊಂದು ಬಗೆ ಗುತ್ತಿಗೆ. ರೈತರ ಭತ್ತದ ಗದ್ದೆಯಲ್ಲಿ ಒಂದು ಬ್ಲೈಂಡ್, ಅಂದರೆ ಅಡಗಿ ಕೂರುವ ಗುಂಡಿ, ಒಂದು ಸೀಸನ್ನಿಗೆ ಬಾಡಿಗೆ. ಭತ್ತದ ಹುಲ್ಲು ಸುಡುವುದನ್ನು ಕಡಿಮೆ ಮಾಡುವ ಕಾನೂನು 1991ರಲ್ಲಿ ಬಂದ ಮೇಲೆ ಸ್ಯಾಕ್ರಮೆಂಟೊ ಕಣಿವೆಯ ರೈತರು ಹುಲ್ಲು ಕೊಳೆಯಲಿ ಅಂತ ಗದ್ದೆಗೆ ಚಳಿಗಾಲದಲ್ಲಿ ನೀರು ನಿಲ್ಲಿಸತೊಡಗಿದರು. ಬಾತುಗಳಿಗೆ ಹೊಸ ಕೆರೆ ಸಿಕ್ಕಿತು, ರೈತನಿಗೆ ಒಂದಿಷ್ಟು ಮೇಲಾದಾಯ.

ಈಗ ನೀರು. ಬಾತು ಬರುವುದು ಕಾಳಿಗೆ, ಕಾಳು ಹುಟ್ಟುವುದು ನೀರು ಬಿಟ್ಟ ತಾರೀಖಿನ ಮೇಲೆ. ರಾಜ್ಯದ ನಡುವಿನ ಸೆಂಟ್ರಲ್ ವ್ಯಾಲಿ ಕಣಿವೆಯಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಕೊಳ ಬರಿದು ಮಾಡಿದರೆ ಸ್ವಾಂಪ್ ಟಿಮೊಥಿ ಎಂಬ ಕುಳ್ಳ ಹುಲ್ಲು ಮೊಳೆಯುತ್ತದೆ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದೊಳಗೆ ಬರಿದು ಮಾಡಿದರೆ ವಾಟರ್‌ಗ್ರಾಸ್. ಇದು ನಮ್ಮ ಊದಲಿನ ಜಾತಿಯದೇ. ಭತ್ತದ ಗದ್ದೆಯಲ್ಲಿ ನಾವು ಕಿತ್ತೆಸೆಯುವ ಕಳೆಯನ್ನು ಇವರು ಬೇಸಿಗೆಯಲ್ಲಿ ನೀರು ಹಾಯಿಸಿ ಸಾಕುತ್ತಾರೆ. ಹಾಗೇ ಬಿಟ್ಟರೆ ಕೆಲವೇ ವರ್ಷದಲ್ಲಿ ಜೊಂಡು ಇಡೀ ಕೊಳ ನುಂಗುತ್ತದೆ. ಅದಕ್ಕೇ ಮೂರು–ಐದು ವರ್ಷಕ್ಕೊಮ್ಮೆ ಒಣಗಿಸಿ ಟ್ರ್ಯಾಕ್ಟರಿನ ಡಿಸ್ಕ್ ನೇಗಿಲು ಹೊಡೆಯಬೇಕು.

ತೂಬು ಅಂದರೆ ಇಲ್ಲಿ ಏರಿಯೊಳಗೆ ಹೂತ ಪೈಪು, ಅದರ ಬಾಯಿಗೆ ಸೀಳುಗಳಿರುವ ಪೆಟ್ಟಿಗೆ, ಸೀಳಿನೊಳಗೆ ಒಂದರ ಮೇಲೊಂದು ಇಳಿಸುವ ಮರದ ಹಲಗೆಗಳು. ಒಂದು ಹಲಗೆ ತೆಗೆದರೆ ಕೊಳದ ಮಟ್ಟ ಅದರ ಅಗಲದಷ್ಟೇ ಇಳಿಯುತ್ತದೆ. ಹಲಗೆ ಸೊಟ್ಟಗಾಗಿ ಸಂದಿ ಬಿಟ್ಟರೆ ರಾತ್ರಿಯಿಡೀ ನೀರು ಸೋರುತ್ತದೆ. ಎರಡು ಸಾಲು ಸೀಳಿದ್ದರೆ ನಡುವೆ ಮಣ್ಣು ತುಂಬಿ ಬಿಗಿ ಮಾಡುತ್ತಾರೆ. ಬೀವರ್, ಮಸ್ಕ್‌ರ್‍ಯಾಟ್ ಏರಿಗೆ ಬಿಲ ಕೊರೆಯುವುದು ಬೇರೆ ತಲೆನೋವು.

ಹೊಸ ಸದಸ್ಯರು ಹೆಚ್ಚಾಗಿ ಎಡವುವುದು ಆಳದಲ್ಲಿ. ಮ್ಯಾಲರ್ಡ್, ಸೂಜಿಬಾಲದ ಬಾತು ಇವೆಲ್ಲ ಮುಳುಗಿ ತಿನ್ನುವ ಜಾತಿಯಲ್ಲ. ತಲೆ ಕೆಳಗೆ ಮಾಡಿ ಕತ್ತು ಎಟಕುವಷ್ಟೇ ಮೇಯುತ್ತವೆ. ನಾಲ್ಕರಿಂದ ಹತ್ತು ಇಂಚು ನೀರು ಸಾಕು. ದೋಣಿ ಸಲೀಸಾಗಿ ಓಡಲಿ ಅಂತ ಎರಡು ಅಡಿ ನಿಲ್ಲಿಸಿದರೆ ತಳದ ಕಾಳು ಅಲ್ಲೇ ಉಳಿಯುತ್ತದೆ, ಹಕ್ಕಿ ಪಕ್ಕದ ಕ್ಲಬ್ಬಿಗೆ ಹೋಗುತ್ತದೆ. ಆತುರಪಟ್ಟು ಆಗಸ್ಟಿನಲ್ಲೇ ನೀರು ತುಂಬಿಸಿದರೆ ಸೊಳ್ಳೆ. ತುಂಬಿಸಿದ ಮೇಲೆ ಮಟ್ಟ ಏರಿಳಿಸಿದರೆ ಪ್ರತಿ ಸಲವೂ ಹೊಸ ಸೊಳ್ಳೆಮರಿ. ಬಿಸಿಲಲ್ಲಿ ನಿಂತ ನೀರಲ್ಲಿ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದ ರೋಗ ಬಂದರೆ ಸತ್ತ ಹಕ್ಕಿಯನ್ನು ತಕ್ಷಣ ಹೆಕ್ಕಿ ತೆಗೆಯಲೇಬೇಕು. ಹೆಣದ ಹುಳುವಿನಲ್ಲಿ ವಿಷ ಸೇರಿರುತ್ತದೆ; ಅದನ್ನು ತಿಂದ ಬಾತೂ ಸಾಯುತ್ತದೆ. ಸುಯ್ಸೂನ್‌ನಲ್ಲಿ ಇದರ ಜೊತೆಗೆ ಉಪ್ಪಿನ ಕಾಟ. ಸಮುದ್ರದ ಉಬ್ಬರಕ್ಕೆ ಉಪ್ಪುನೀರು ನುಗ್ಗದಂತೆ 1988ರಿಂದ ಮಾಂಟೆಜುಮಾ ಕಾಲುವೆಯಲ್ಲಿ ಗೇಟುಗಳಿವೆ. ಆದರೂ ನೀರು ತುಂಬಿಸಿ ಖಾಲಿ ಮಾಡಿ ಮಣ್ಣಿನ ಉಪ್ಪು ತೊಳೆಯುವುದು ತಪ್ಪಿಲ್ಲ.

ಬೇಟೆ ಅಕ್ಟೋಬರ್ ಕೊನೆಯಿಂದ ಜನವರಿ ಕೊನೆವರೆಗೆ. ವಲಸೆ ಹಕ್ಕಿ ಒಪ್ಪಂದದಂತೆ ವರ್ಷಕ್ಕೆ 107 ದಿನ ಮೀರುವಂತಿಲ್ಲ. ಅದರಲ್ಲೂ ಬಹಳಷ್ಟು ಕ್ಲಬ್‌ಗಳು ಬುಧವಾರ, ಶನಿವಾರ, ಭಾನುವಾರ ಮಾತ್ರ ಹೊಡೆಯುತ್ತವೆ. ಯಾರಿಗೆ ಯಾವ ಬ್ಲೈಂಡ್ ಅನ್ನೋದು ಚೀಟಿಯಲ್ಲಿ ತೀರ್ಮಾನ. ಗೋಡೆ ಮೇಲೆ ಜಾಗದ ನಕ್ಷೆ; ಮೊದಲ ನಂಬರ್ ಬಂದವರು ಗಾಳಿ ಯಾವ ಕಡೆಯದು ನೋಡಿಕೊಂಡು ತಮ್ಮ ಗೂಟ ಸಿಕ್ಕಿಸುತ್ತಾರೆ. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಹಾಗಾಗಿ ಬೆನ್ನಿಗೆ ಗಾಳಿ ಇರುವ ಬ್ಲೈಂಡಿಗೇ ಗಿರಾಕಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರು. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ಕಾಡತೂಸು ಹಿಡಿಯದಂತೆ ಬಿರಡೆ ಇರಬೇಕು. ಸೀಸದ ಗುಂಡು ನೀರುಹಕ್ಕಿಗೆ ದೇಶದಾದ್ಯಂತ 1991ರಿಂದ ನಿಷೇಧ; ಉಕ್ಕು, ಬಿಸ್ಮತ್ ನಡೆಯುತ್ತದೆ. ದಿನಕ್ಕೆ ಏಳು ಬಾತು, ಅದರಲ್ಲಿ ಹೆಣ್ಣು ಮ್ಯಾಲರ್ಡ್ ಎರಡಕ್ಕಿಂತ ಹೆಚ್ಚಿಲ್ಲ. 40 ಗಜದಾಚೆ ಹಾರುವುದಕ್ಕೆ ಗುಂಡು ಹಾರಿಸುವವರು ಎಲ್ಲ ಕ್ಲಬ್ಬಲ್ಲೂ ಇರುತ್ತಾರೆ. ಹಕ್ಕಿ ಗಾಯಗೊಂಡು ಜೊಂಡಿಗೆ ಬೀಳುತ್ತದೆ, ನಾಯಿಗೂ ಸಿಗುವುದಿಲ್ಲ. ಅಂಥವರನ್ನು ಹೊರಗಿಡುವ ಧೈರ್ಯ ಮಂಡಳಿಗಿಲ್ಲದಿದ್ದರೆ ಅದು ಹೆಸರಿಗಷ್ಟೇ ಕ್ಲಬ್.

ಕಾಳು ಚೆಲ್ಲಿ ಹಕ್ಕಿ ಕರೆಯುವುದು ಅಪರಾಧ. ತಾನಾಗಿ ಬೆಳೆದ ಹುಲ್ಲನ್ನು ಕೊಯ್ದು ನೀರು ಬಿಡಬಹುದು. ಬಿತ್ತಿದ ಜೋಳವನ್ನು ನಿಂತ ಹಾಗೇ ಮುಳುಗಿಸಬಹುದು, ಉರುಳಿಸಿ ಚೆಲ್ಲುವಂತಿಲ್ಲ. ಚೆಲ್ಲಿದ ಕಾಳು ಪೂರ್ತಿ ತೆಗೆದ ಮೇಲೂ ಹತ್ತು ದಿನ ಅಲ್ಲಿ ಬೇಟೆ ಇಲ್ಲ. "ಮ್ಯಾನೇಜರ್ ಮಾಡಿದ್ದು, ನಮಗೆ ಗೊತ್ತಿರಲಿಲ್ಲ" ಅನ್ನುವುದೂ ನಡೆಯಲ್ಲ. ಗೊತ್ತಿರಬೇಕಿತ್ತು ಅಂತ ಅನಿಸಿದರೂ ಕೇಸು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ನಂತರ ಇಂಥ ಬೇಟೆಯ ಮಾತೇ ಇಲ್ಲ, ಇರಬೇಕು ಅಂತ ನಾನು ಹೇಳುತ್ತಲೂ ಇಲ್ಲ. ನಮ್ಮ ಕೆರೆಗಳಿಗೂ ಅದೇ ಸೂಜಿಬಾಲದ ಬಾತು ಬರುತ್ತದೆ, ಕೋವಿಯ ಹಂಗಿಲ್ಲದೆ. ಆದರೆ ಕ್ಯಾಲಿಫೋರ್ನಿಯಾ ತನ್ನ ಜೌಗಿನ 90%ಕ್ಕೂ ಹೆಚ್ಚು ಕಳೆದುಕೊಂಡಿದೆ. ಸೆಂಟ್ರಲ್ ವ್ಯಾಲಿಯಲ್ಲಿ ಉಳಿದದ್ದರಲ್ಲಿ ಸುಮಾರು ಮೂರನೇ ಎರಡು ಭಾಗ ಖಾಸಗಿಯವರ ಕೈಲಿದೆ, ಬಹುತೇಕ ಇಂಥ ಕ್ಲಬ್‌ಗಳದ್ದೇ. ಅವು ಇಲ್ಲದಿದ್ದರೆ ಅಲ್ಲಿ ಬಾದಾಮಿ ತೋಟವೋ ಬಡಾವಣೆಯೋ ಇರುತ್ತಿತ್ತು. ನನ್ನ ತಕರಾರು ಬೇರೆ: ಷೇರು ಅಪ್ಪನಿಂದ ಮಗನಿಗೆ ಹೋಗುವ ಕಡೆ ಹೊಸಬರಿಗೆ ಬಾಗಿಲೇ ಇಲ್ಲ.

ಸೇರುವ ಯೋಚನೆ ಇದ್ದವರು ಕ್ಲಬ್‌ಹೌಸಿನ ಅಡುಗೆಮನೆ ನೋಡಿ ಮರುಳಾಗಬೇಡಿ. ನೀರು ಎಲ್ಲಿಂದ, ಬರಗಾಲದಲ್ಲಿ ಎಷ್ಟು ಖಾತರಿ, ಕಾಗದದಲ್ಲಿದೆಯೋ ಬಾಯಿಮಾತೋ? ಗುಂಡೇ ಹಾರಿಸದೆ ಹಕ್ಕಿಗೆ ಬಿಟ್ಟ ಕೊಳ ಎಷ್ಟು ಎಕರೆ? ಅದಿಲ್ಲದ ಕ್ಲಬ್ಬಲ್ಲಿ ಡಿಸೆಂಬರ್ ಹೊತ್ತಿಗೆ ಹಕ್ಕಿ ಹಗಲು ಬರುವುದನ್ನೇ ಬಿಡುತ್ತದೆ. ಹಿಂದಿನ ಮೂರು ವರ್ಷದ ಬೇಟೆ ಲೆಕ್ಕದ ಪುಸ್ತಕ ಕೇಳಿ. ಆಮೇಲೆ ಅಕ್ಟೋಬರಲ್ಲಲ್ಲ, ಜುಲೈಯಲ್ಲಿ ಹೋಗಿ ಜಾಗ ನೋಡಿ: ಏರಿ ಸುತ್ತಿ, ಹಲಗೆ ಎತ್ತಿ ನೋಡಿ, ಕೊಳದ ತಳದಲ್ಲಿ ಹುಲ್ಲು ತೆನೆ ಕಟ್ಟಿದೆಯೋ ಬರೀ ಜೊಂಡು ತುಂಬಿದೆಯೋ ಅಂತ.