ಕಾಫಿ ಅಂಗಡಿಯ ತಂತ್ರಾಂಶಕ್ಕೆ ಸಿದ್ಧ ಮಾದರಿಗಳು ಬೇಕೆ?

ಪರ

ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು ಮಾರುವವರು ಆನ್‌ಲೈನ್ ಅಂಗಡಿ ತೆರೆದಾಗ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಬೇರೆಯವರು ಎಂದೋ ಬಿಡಿಸಿಟ್ಟವು. ಹೀಗೆ ಪದೇ ಪದೇ ಬರುವ ತೊಡಕಿಗೆ ಹೆಸರಿಟ್ಟು ಬರೆದಿಟ್ಟ ಪರಿಹಾರವೇ ಮಾದರಿ (ಡಿಸೈನ್ ಪ್ಯಾಟರ್ನ್). ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಗ್ರಾಹಕರೊಬ್ಬರು ಪಾವತಿ ಮಾಡುವ ಹೊತ್ತಿಗೆ ನೆಟ್‌ವರ್ಕ್ ಹೋಗಿ, ಹಣ ಸಂದಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಗುಂಡಿ ಒತ್ತುತ್ತಾರೆ ಎಂದುಕೊಳ್ಳೋಣ. ಪ್ರತಿ ಪಾವತಿಗೂ ಮೊದಲೇ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮರಳಿ ಬಂದರೆ ಮತ್ತೆ ಹಣ ತೆಗೆಯದೆ ಹಿಂದಿನ ಉತ್ತರವನ್ನೇ ಕೊಡುವ ಮಾದರಿಗೆ ಐಡೆಂಪೊಟೆನ್ಸಿ ಎನ್ನುತ್ತಾರೆ. ಇದನ್ನು ಬಿಟ್ಟು ತಾನೇ ಉಪಾಯ ಹುಡುಕುವ ಪ್ರೋಗ್ರಾಮರ್‌ಗೆ ಪಾಠ ಕಲಿಸುವವರು ಎರಡು ಸಲ ಹಣ ಕಳೆದುಕೊಂಡ ಗ್ರಾಹಕರು. ಪಾವತಿ ಸಂಸ್ಥೆಯನ್ನು ಬದಲಿಸಬೇಕಾದಾಗಲೂ ಅಂಗಡಿಗೂ ಆ ಸಂಸ್ಥೆಗೂ ನಡುವೆ ದುಭಾಷಿಯಂತೆ ನಿಲ್ಲುವ ಅಡಾಪ್ಟರ್ ಮಾದರಿ ಇದ್ದರೆ ಆ ಒಂದು ತುಂಡನ್ನು ಬದಲಿಸಿದರೆ ಸಾಕು.

ಹೆಸರುಗಳ ಲಾಭವೂ ಸಣ್ಣದಲ್ಲ. ದೇವಾಲಯಗಳಲ್ಲಿ ದ್ವಿಕೂಟ (ಎರಡು ಗರ್ಭಗುಡಿಯದು) ಎಂದರೆ ಹಳೇಬೀಡಿನಂಥ, ಚತುಷ್ಕೂಟ (ನಾಲ್ಕು ಗರ್ಭಗುಡಿಯದು) ಎಂದರೆ ದೊಡ್ಡಗದ್ದವಳ್ಳಿಯಂಥ ನಕ್ಷೆ ಬಲ್ಲವರ ಕಣ್ಣಮುಂದೆ ನಿಲ್ಲುತ್ತದೆ. ತಂತ್ರಾಂಶದವರೂ ಈ ಯೋಚನೆಯನ್ನು ಕಟ್ಟಡದವರಿಂದಲೇ ಪಡೆದರು: 1977ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 253 ಮಾದರಿಗಳನ್ನು ಹೆಸರಿಸಿದ್ದರು, 1994ರಲ್ಲಿ ನಾಲ್ವರು ಲೇಖಕರು ತಂತ್ರಾಂಶದ 23 ಮಾದರಿಗಳನ್ನು ಒಟ್ಟುಗೂಡಿಸಿದರು.

ವಿರೋಧ

ಪಾವತಿಯ ವಿಷಯದಲ್ಲಿ ತಕರಾರಿಲ್ಲ, ಏಕೆಂದರೆ ಪಾವತಿ ಕಾಫಿಗೂ ಸೀರೆಗೂ ಒಂದೇ. ದಾಸ್ತಾನು ಹಾಗಲ್ಲ. ಅಂಗಡಿಗಳ ಸಿದ್ಧ ಮಾದರಿಯಲ್ಲಿ ಒಳಬಂದ ಸರಕೇ ಹೊರಹೋಗುತ್ತದೆ. ಇಲ್ಲಿ ತೋಟದ ಕಾಫಿ ಕ್ಯೂರಿಂಗ್‌ನಲ್ಲಿ (ಒಣಗಿದ ಕಾಫಿಯನ್ನು ಹದಗೊಳಿಸುವ ಕೆಲಸದಲ್ಲಿ) ಸಿಪ್ಪೆ ಕಳೆದುಕೊಂಡು ಎ, ಬಿ, ಸಿ, ಪೀಬೆರ್ರಿ (ಒಂಟಿ ದುಂಡು ಬೀಜ) ಎಂದು ದರ್ಜೆಗಳಾಗಿ ಒಡೆಯುತ್ತದೆ. 50 ಕಿಲೋ ಚೀಲಕ್ಕೆ ಎಷ್ಟು ಬೀಜ ದಕ್ಕಿತೆಂಬ ಔಟ್‌ಟರ್ನ್ ಒಂದೊಂದು ಲಾಟಿಗೂ (ಒಟ್ಟಿಗೆ ಬಂದ ಸರಕಿಗೂ) ಬೇರೆ. ಹುರಿದಾಗ ತೂಕ ಸುಮಾರು ಶೇ. 15ರಿಂದ 20ರಷ್ಟು ಇಳಿಯುತ್ತದೆ. ಕೊನೆಗೆ ಗ್ರಾಹಕರು ಕೇಳುವ ಚಿಕೋರಿ ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಕಾರ್ಖಾನೆಗಳಿಗೆಂದು ಮಾಡಿದ ಮಾದರಿಗಳಿವೆ ನಿಜ, ಆದರೆ ಯಾವುದು ಹೊಂದುತ್ತದೆಂದು ತಿಳಿಯಲೂ ಮೊದಲು ಹುರಿಯುವವರ ಪಕ್ಕ ಕುಳಿತು ಲೆಕ್ಕ ಬರೆದುಕೊಳ್ಳಬೇಕು.

ಇನ್ನೊಂದು, ಷೋಕಿಯ ಖರ್ಚು. ಒಂದೇ ಡೇಟಾಬೇಸ್ ಇದ್ದರೆ ಆರ್ಡರ್ ದಾಖಲಾಗುವುದು, ದಾಸ್ತಾನು ಇಳಿಯುವುದು ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ದಿನಕ್ಕೆ ಮೂವತ್ತು ಆರ್ಡರ್ ಬರುವ ಅಂಗಡಿಯನ್ನು ಮೈಕ್ರೋಸರ್ವೀಸ್‌ಗಳಾಗಿ, ಎಂದರೆ ಬೇರೆಬೇರೆಯಾಗಿ ನಡೆಯುವ ಸಣ್ಣ ಪ್ರೋಗ್ರಾಮುಗಳಾಗಿ, ಒಡೆದು ಒಂದೊಂದಕ್ಕೂ ಬೇರೆ ಡೇಟಾಬೇಸ್ ಕೊಟ್ಟರೆ ಆ ಖಾತರಿ ಹೋಗಿ, ಅದನ್ನು ತುಂಬಿಕೊಳ್ಳಲು, ನಡುವೆ ಕೆಟ್ಟರೆ ಹಿಂದಿನ ಹೆಜ್ಜೆಗಳನ್ನು ರದ್ದುಮಾಡುವ ಸಾಗಾ ಎಂಬ ಮತ್ತೊಂದು ಮಾದರಿ ಬೇಕಾಗುತ್ತದೆ. ಎಲ್ಲ ಮಾದರಿಗಳೂ ಎಲ್ಲೆಡೆ ಬೇಕಾಗುವುದೂ ಇಲ್ಲ: ಆ 23ರಲ್ಲಿ 16 ಮಾದರಿಗಳು ಲಿಸ್ಪ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸರಳವಾಗುತ್ತವೆ ಅಥವಾ ಕಾಣದಂತಾಗುತ್ತವೆ ಎಂದು ಕಂಪ್ಯೂಟರ್ ವಿಜ್ಞಾನಿ ಪೀಟರ್ ನಾರ್ವಿಗ್ 1996ರಲ್ಲೇ ತೋರಿಸಿದ್ದರು.

ಹೆಸರುಗಳು ಬೇಕೆಂಬುದು ಸರಿಯೇ. ಆದರೆ ಇಂಥ ಅಂಗಡಿಯ ತಂತ್ರಾಂಶವನ್ನು ನೋಡಿಕೊಳ್ಳುವವರು ಹೆಚ್ಚಾಗಿ ಒಬ್ಬರೇ. ಅವರು ದಿನವೂ ಮಾತನಾಡಬೇಕಾದದ್ದು ಮತ್ತೊಬ್ಬ ಪ್ರೋಗ್ರಾಮರ್ ಜೊತೆಗಲ್ಲ, ಕಾಫಿ ಹುರಿಯುವವರ ಜೊತೆ. ಹುರಿಯುವವರ ಬಾಯಲ್ಲಿ ಬರುವುದು ಔಟ್‌ಟರ್ನ್, ಲಾಟು, ಬೆರಕೆ. ಕೋಡ್‌ನಲ್ಲಿ ಮೊದಲು ಕಾಣಬೇಕಾದ ಹೆಸರುಗಳೂ ಅವೇ.